ಸಹಾಯ ಬೇಕು: ಸಾಕ್ರಟೀಸನ ಕೊನೆಯ ಮಾತು ಹರಕೆಯೋ, ಋಣವೋ?

ಸಾಕ್ರಟೀಸನ ಕೊನೆಯ ದಿನವನ್ನು ಚಿತ್ರಿಸುವ, ಅವನ ಶಿಷ್ಯ ಪ್ಲೇಟೋನ ‘ಫೀಡೋ’ ಸಂವಾದದ ಕೊನೆಯ ಪುಟವನ್ನು ಕನ್ನಡಕ್ಕೆ ತರುತ್ತಾ ಒಂದೇ ವಾಕ್ಯದ ಬಳಿ ವಾರದಿಂದ ನಿಂತಿದ್ದೇನೆ. ಕ್ರಿ.ಪೂ. 399. ವಿಷ ಕುಡಿದ ಸಾಕ್ರಟೀಸನ ಕಾಲುಗಳು ಆಗಲೇ ತಣ್ಣಗಾಗಿವೆ. ಮುಖದ ಮುಸುಕು ಸರಿಸಿ ಗೆಳೆಯ ಕ್ರಿಟೋಗೆ ಹೇಳುತ್ತಾನೆ: “ಕ್ರಿಟೋ, ನಾವು ಅಸ್ಕ್ಲೀಪಿಯಸ್‌ಗೆ ಒಂದು ಹುಂಜ ಕೊಡಬೇಕಿದೆ. ಮರೆಯದೆ ಸಲ್ಲಿಸಿ.”

ಅಸ್ಕ್ಲೀಪಿಯಸ್ ಅಪೊಲೋನ ಮಗ, ರೋಗ ವಾಸಿಮಾಡುವ ದೇವರು. ಎಪಿಡಾರಸ್‌ನ ಅವನ ಕ್ಷೇತ್ರದಲ್ಲಿ, ದೇವರು ಕನಸಿನಲ್ಲಿ ಬರಲೆಂದು ರೋಗಿಗಳು ರಾತ್ರಿ ಮಲಗುತ್ತಿದ್ದರು. ಗುಣವಾದರೆ ಕಾಣಿಕೆ ಒಪ್ಪಿಸುತ್ತಿದ್ದರು. ‘ಹರಕೆ’ ಎಂದರೆ ನಮ್ಮ ಓದುಗರಿಗೆ ತಟ್ಟನೆ ಮುಟ್ಟುತ್ತದೆ. ಆದರೆ ಮೂಲದ ‘ಒಫೇಯ್ಲೊಮೆನ್’ ಸಾಲ ತೀರಿಸಬೇಕಾದವರ ಕ್ರಿಯಾಪದ, ಅದೂ ಬಹುವಚನ. ಬದುಕೇ ಕಾಯಿಲೆ, ಸಾವೇ ಮದ್ದು ಎಂಬ ಜರ್ಮನ್ ತತ್ವಜ್ಞಾನಿ ನೀಚೆಯ ಓದು ನನಗೆ ಒಪ್ಪಿಗೆಯಿಲ್ಲ. ಅದು ನಿಜವಾದರೆ, ಸಾಯುತ್ತಿರುವವನು ಅವನೊಬ್ಬನೇ ಆಗಿರುವಾಗ ‘ನಾವು’ ಏಕೆ? ಅಂದು ಪ್ಲೇಟೋ ಅಸ್ವಸ್ಥನಾಗಿದ್ದನೆಂದು ಅದೇ ಸಂವಾದ ಸೂಚಿಸುತ್ತದೆ. ಈ ಹುಂಜ ಅವನು ಚೇತರಿಸಿಕೊಂಡದ್ದಕ್ಕಾಗಿ ಎನ್ನುವವರೂ ಇದ್ದಾರೆ.

ಗ್ರೀಕ್ ಬಲ್ಲವರು ದಯವಿಟ್ಟು ತಿಳಿಸಿ: ದೇವರಿಗೆ ಹೊತ್ತ ಹರಕೆಗೂ ಇದೇ ಕ್ರಿಯಾಪದವನ್ನು ಬಳಸುತ್ತಿದ್ದರೇ? ಗ್ರೀಕ್ ಬಾರದವರೂ ಹೇಳಿ, ಸಾಯುವವನ ಬಾಯಲ್ಲಿ ನಿಮಗೆ ಯಾವ ಪದ ನಿಜವೆನಿಸುತ್ತದೆ?