ಹೊಲದಲ್ಲಿ ಹಾಳೂರು ಜಾಗ ಇದೆ, ಫಸ್ಟ್ ಮೆಟಲ್ ಡಿಟೆಕ್ಟರ್ ಯಾವ್ದು ತಗೊಳ್ಲಿ?

ತೆಂಗಿನಸೀಮೆ:
ಎಲ್ರಿಗೂ ನಮಸ್ಕಾರ. ನಮ್ದು ಅರಸೀಕೆರೆ ಕಡೆ, ತಾತನ ಕಾಲದ ಹೊಲ, ಅದ್ರ ಒಂದು ಮೂಲೆಗೆ ಹಾಳೂರು ಅಂತಾನೇ ಹೆಸರು. ಹಿಂದೆ ಪ್ಲೇಗ್ ಬಂದಾಗ ಊರೇ ಎದ್ದು ಹೋಯ್ತು ಅಂತ ಅಜ್ಜಿ ಹೇಳೋರು, ಈಗ ಅಲ್ಲಿ ಪಾಯದ ಕಲ್ಲು, ಒಂದು ವೀರಗಲ್ಲು, ಎರಡು ಹುಣಸೆ ಮರ ಬಿಟ್ರೆ ಏನಿಲ್ಲ. ಉಳುವಾಗ ಮಡಕೆ ಚೂರು ಬರ್ತಾನೇ ಇರುತ್ತೆ, ಹೋದ ಮುಂಗಾರಲ್ಲಿ ಟಿಲ್ಲರ್ ಹೊಡೀತಿದ್ದಾಗ ಆನೆ ಚಿತ್ರ ಇರೋ ತಾಮ್ರದ ಕಾಸು ಸಿಕ್ತು, ಅವತ್ತಿಂದ ತಲೇಲಿ ಹುಳ ಬಿಟ್ಕೊಂಡಿದೀನಿ. ನಿಧಿ ಗಿಧಿ ಆಸೆ ಇಲ್ಲಪ್ಪ, ಆ ಊರಲ್ಲಿ ಜನ ಹೆಂಗಿದ್ರು ಅಂತ ತಿಳ್ಕೊಳೋ ಚಪಲ ಅಷ್ಟೆ. ಬಜೆಟ್ 30 ಸಾವಿರ. ಆನ್‌ಲೈನಲ್ಲಿ 6 ಸಾವಿರದ್ದೂ ಇದೆ ಲಕ್ಷದ್ದೂ ಇದೆ, ಯೂಟ್ಯೂಬಲ್ಲಿ ಒಬ್ಬ ಹತ್ತಡಿ ಆಳ ತೋರ್ಸತ್ತೆ ಅಂತಾನೆ, ಯಾವ್ದು ನಂಬೋದು?

ಜಂಬಿಟ್ಟಿಗೆ:
ಹತ್ತಡಿ ಅನ್ನೋನನ್ನ ಮೊದ್ಲು ಅನ್‌ಸಬ್‌ಸ್ಕ್ರೈಬ್ ಮಾಡಿ ಮಾರಾಯ್ರೆ. ಒಂಟಿ ಕಾಸು ಒಂದು ಗೇಣು ಆಳದಲ್ಲಿ ಸಿಕ್ರೆ ಅದೇ ದೊಡ್ದು, ಯಾವ ಕಂಪನಿ ಮಿಷಿನ್ ಆದ್ರೂ ಸರಿ. ಆಂಟೆನಾ ಥರ ಎರಡು ಕಡ್ಡಿ ಹಿಡ್ಕೊಂಡು ಅರ್ಧ ಕಿಲೋಮೀಟರ್ ದೂರದ ಚಿನ್ನ ತೋರ್ಸತ್ತೆ ಅಂತ ಲಕ್ಷಗಟ್ಲೆಗೆ ಮಾರೋ ಲಾಂಗ್ ರೇಂಜ್ ಲೊಕೇಟರ್ ಅಂತೂ ಶುದ್ಧ ಟೋಪಿ. ಮೊಬೈಲ್ ಆಪ್ ಇದ್ಯಲ್ಲ, ಅದು ಫೋನ್ ಒಳಗಿನ ದಿಕ್ಸೂಚಿ ಸೆನ್ಸರ್, ಕಬ್ಬಿಣ ಬಿಟ್ರೆ ತಾಮ್ರ ಬೆಳ್ಳಿ ಅದ್ರ ಲೆಕ್ಕಕ್ಕೇ ಬರಲ್ಲ.

ಈಗ ಅಸಲಿ ವಿಷ್ಯ. ಬ್ರಾಂಡ್ ಕೇಳೋಕ್ ಮುಂಚೆ ನಿಮ್ಮ ಮಣ್ಣು ಯಾವ್ದು ನೋಡಿ. ನಿಮ್ ಕಡೆ ಕೆಂಪು ಮಣ್ಣು, ಅಂದ್ರೆ ಕಬ್ಬಿಣದ ಅಂಶ ಜಾಸ್ತಿ. ಕಾಯಿಲ್, ಅಂದ್ರೆ ಕೋಲಿನ ತುದೀಲಿರೋ ತಟ್ಟೆ ಒಳಗಿನ ತಂತಿ ಸುರುಳಿ, ಭೂಮಿಗೆ ಮ್ಯಾಗ್ನೆಟಿಕ್ ಫೀಲ್ಡ್ ಕಳಿಸುತ್ತೆ, ಲೋಹ ಇದ್ರೆ ಅದ್ರಲ್ಲಿ ಸಣ್ಣ ಕರೆಂಟ್ ಹುಟ್ಟಿ ವಾಪಸ್ ಸಿಗ್ನಲ್ ಕೊಡುತ್ತೆ, ಆದ್ರೆ ಮಣ್ಣಲ್ಲಿರೋ ಕಬ್ಬಿಣಾನೂ ಉತ್ರ ಕೊಡುತ್ತೆ, ಹಂಗಾಗಿ ಕಾಸಿನ ಸದ್ದು ಆ ಗಲಾಟೇಲಿ ಮುಳುಗೋಗುತ್ತೆ. ಇದನ್ನ ಸರಿ ಮಾಡೋದೇ ಗ್ರೌಂಡ್ ಬ್ಯಾಲೆನ್ಸ್. ಲೋಹ ಇಲ್ದಿರೋ ಜಾಗ ನೋಡ್ಕೊಂಡು, ಬಟನ್ ಒತ್ತಿ ಹಿಡಿದು, ಕಾಯಿಲ್‌ನ ನೆಲದ ಮೇಲೆ ಎತ್ತಿ ಇಳಿಸಿ ಮಾಡಿದ್ರೆ ಮಿಷಿನ್ ಮಣ್ಣಿನ ಸದ್ದು ಕಲ್ತು ಸುಮ್ನಾಗುತ್ತೆ. 6 ಸಾವಿರದ ಚೈನಾ ಡಬ್ಬದಲ್ಲಿ ಈ ಕೆಲ್ಸ ನೆಟ್ಟಗೆ ಆಗಲ್ಲ, ನಮ್ ಮಲ್ನಾಡ್ ಜಂಬಿಟ್ಟಿಗೆ ಮೇಲೆ ಅಂಥದ್ದು ಹಿಡಿದ್ರೆ ಹೆಜ್ಜೆಗೊಂದ್ಸಲ ಕುಂಯ್ ಅಂತಾನೇ ಇರುತ್ತೆ.

ಗ್ಯಾರೆಟ್ ಏಸ್ 300 ಒಳ್ಳೆ ಹೆಸ್ರಿರೋದೇ, 8 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಲಿ ಓಡುತ್ತೆ, ಆದ್ರೆ ಅದ್ರ ಗ್ರೌಂಡ್ ಬ್ಯಾಲೆನ್ಸ್ ಫ್ಯಾಕ್ಟರಿಲೇ ಫಿಕ್ಸ್, ನಿಮ್ ಮಣ್ಣಿಗೆ ನಾನಂತೂ ಹೇಳಲ್ಲ. ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ ಸಿಕ್ರೆ ಕಣ್ಮುಚ್ಕೊಂಡು ತಗೊಳಿ, 12 ಕಿಲೋಹರ್ಟ್ಸ್, ಗ್ರೌಂಡ್ ಬ್ಯಾಲೆನ್ಸ್ ಇದೆ, 11 ಇಂಚಿನ ಡಿಡಿ ಕಾಯಿಲ್ (ಒಳಗೆ ಡಿ ಆಕಾರದ ಎರಡು ಸುರುಳಿ) ಬರುತ್ತೆ. ಮೈನ್‌ಲ್ಯಾಬ್ ವ್ಯಾಂಕ್ವಿಶ್ ಒಂದೇ ಸಲ ಹಲವು ಫ್ರೀಕ್ವೆನ್ಸಿಲಿ ಓಡುತ್ತೆ, ಬ್ಯಾಲೆನ್ಸ್ ತಲೆನೋವು ಕಮ್ಮಿ, ಬಜೆಟ್‌ಗೆ ಬಂದ್ರೆ ಅದೂ ಸರಿ. ಒಂದ್ ಮಾತು, ಪೂರ್ತಿ ದುಡ್ಡು ಮಿಷಿನ್‌ಗೇ ಸುರೀಬೇಡಿ, ಗುಂಡೀಲಿ ವಸ್ತು ನಿಖರವಾಗಿ ಎಲ್ಲಿದೆ ಅಂತ ತೋರ್ಸೋ, ಕೈಯಲ್ಲಿ ಹಿಡಿಯೋ ಪಿನ್‌ಪಾಯಿಂಟರ್ ತಗೊಳಿ, ಇಲ್ಲಾಂದ್ರೆ ಸಿಗ್ನಲ್ ಬಂದ ಮೇಲೆ ಮಣ್ಣು ಬಗೆದು ಬಗೆದು ಸೊಂಟ ಬೀಳುತ್ತೆ.

ಶುರುವಲ್ಲಿ ಸಿಗೋದು ಎತ್ತಿನ ಲಾಳ, ಗಾಡಿ ಮೊಳೆ, ಗುಟ್ಕಾ ಪ್ಯಾಕೆಟ್ ಫಾಯಿಲ್, ಬಿಯರ್ ಬಾಟಲ್ ಮುಚ್ಚಳ. ಅದಕ್ಕೆ ರೆಡಿ ಇರಿ.

ಪಹಣಿ ಪಾಂಡು:
ಮಿಷಿನ್ ಆಮೇಲೆ ಗುರು, ಮೊದ್ಲು ಪೇಪರ್. ಹಾಳೂರು ಅಂದ್ರೆ ಎಷ್ಟೋ ಕಡೆ ದಾಖಲೇಲಿ ಗ್ರಾಮಠಾಣಾ (ಊರಿನ ಮನೆಗಳ ಜಾಗ) ಇಲ್ಲಾ ಖರಾಬು (ಸಾಗುವಳಿ ಲೆಕ್ಕಕ್ಕೆ ಸೇರದ ಜಾಗ) ಅಂತ ಇರುತ್ತೆ, ನಾವು ತಲೆತಲಾಂತರದಿಂದ ಉತ್ಕೊಂಡು ನಮ್ದೇ ಅನ್ಕೊಂಡಿರ್ತೀವಿ. ಊರಿಗೆ ಊರೇ ಖಾಲಿ ಆಗಿದ್ರೆ ರೆವಿನ್ಯೂದವ್ರು ಬೇಚಿರಾಕ್ ಗ್ರಾಮ ಅಂತಾರೆ, ಗ್ರಾಮ ನಕಾಶೆ ತೆಗ್ಸಿ ನೋಡಿ. ನಿಮ್ ಹೆಸ್ರಲ್ಲಿ ಇಲ್ದಿದ್ರೆ ಆ ಮೂಲೆಗೆ ಕಾಲೇ ಇಡ್ಬೇಡಿ.

ನಿಮ್ದೇ ಜಾಗ ಆದ್ರೂ ಸಿಕ್ಕಿದ್ದೆಲ್ಲಾ ನಿಮ್ದಲ್ಲ. ನಮ್ ರಾಜ್ಯಕ್ಕೇ 1962ರ ನಿಧಿ ಕಾಯ್ದೆ ಇದೆ, ಮಣ್ಣಲ್ಲಿ ಹೂತಿದ್ದ ಬೆಲೆಬಾಳೋದು ಸಿಕ್ರೆ ಡಿಸಿಗೆ ತಿಳಿಸ್ಬೇಕು, ಮುಚ್ಚಿಟ್ರೆ ಕೇಸು. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ ಎಲ್ಲಾ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಹೊರದೇಶಕ್ಕೆ ಕಳ್ಸಂಗಿಲ್ಲ, ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ಹತ್ರದಲ್ಲಿ ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ಬೋರ್ಡ್ ಇರೋ ದೇವಸ್ಥಾನ ಇದ್ರೆ ಸುತ್ತ 100 ಮೀಟರ್ ನಿಷೇಧಿತ, ಅದ್ರಾಚೆ 200 ಮೀಟರ್ ನಿಯಂತ್ರಿತ, ಆ ಕಡೆ ತಲೆನೇ ಹಾಕ್ಬೇಡಿ.

ಇನ್ನು ವೀರಗಲ್ಲು. ನಿಧಿ ಕಳ್ರು ಅದ್ರ ಬುಡಾನೇ ಅಗೆಯೋದು, ಹಂಗಾಗಿ ಊರಿನವ್ರಿಗೆ ಮೊದ್ಲೇ ಅನುಮಾನ. ಸಂಜೆ ಹೊತ್ತಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೋಲು ಆಡಿಸ್ತಾ ನಿಂತ್ರೆ ಅಮಾವಾಸ್ಯೆ ಪೂಜೆ ಪಾರ್ಟಿ ಅನ್ಕೊಂಡು ಕಟ್ಟಾಕ್ತಾರೆ, ತಮಾಷೆ ಅಲ್ಲ. ಹಗಲಲ್ಲೇ ಹೋಗಿ, ಪಕ್ಕದ ಹೊಲದವ್ರಿಗೂ ಪಂಚಾಯ್ತಿ ಮೆಂಬರ್‌ಗೂ ಮೊದ್ಲೇ ಹೇಳಿ, ಜೇಬಲ್ಲಿ ಪಹಣಿ ಕಾಪಿ ಇಟ್ಕೊಳಿ.

ಸಫೋಕ್ ಕನ್ನಡತಿ:
ನಾನಿರೋದು ಇಂಗ್ಲೆಂಡಲ್ಲಿ, ಇಲ್ಲಿ ಇದು ದೊಡ್ಡ ಹವ್ಯಾಸ. ರೈತನ ಪರ್ಮಿಶನ್ ಇದ್ರೆ ಹೊಲದಲ್ಲಿ ಹುಡುಕ್ಬೋದು, 1996ರ ಟ್ರೆಷರ್ ಆಕ್ಟ್ ಪ್ರಕಾರ ನಿಧಿ ಅನ್ನಿಸ್ಕೊಳೋದು ಸಿಕ್ರೆ 14 ದಿನದೊಳಗೆ ತಿಳಿಸ್ಬೇಕು, ಮ್ಯೂಸಿಯಂ ಇಟ್ಕೊಂಡ್ರೆ ಸಿಕ್ಕೋನಿಗೂ ಜಮೀನಿನವನಿಗೂ ದುಡ್ಡು ಕೊಡ್ತಾರೆ, ಅದಕ್ಕೇ ಜನ ಧೈರ್ಯವಾಗಿ ಬಂದು ಹೇಳ್ತಾರೆ. ನಮ್ ಕಡೆ ಹೇಳಿದ್ರೆ ಏನಾಗುತ್ತೋ ಅನ್ನೋ ಭಯಾನೇ ಜಾಸ್ತಿ ಅನ್ಸುತ್ತೆ ನಂಗೆ.

ಇದೇ ಸಫೋಕಲ್ಲಿ ಹಾಕ್ಸ್‌ನ್ ಅಂತ ಹಳ್ಳಿ. 1992ರಲ್ಲಿ ಎರಿಕ್ ಲಾಸ್ ಅನ್ನೋರು ರೈತ ಸ್ನೇಹಿತ ಕಳ್ಕೊಂಡ ಸುತ್ತಿಗೆ ಹುಡುಕೋಕೆ ಡಿಟೆಕ್ಟರ್ ತಗೊಂಡು ಹೋದ್ರೆ ರೋಮನ್ ಕಾಲದ ಚಿನ್ನ ಬೆಳ್ಳಿ ನಾಣ್ಯಗಳೇ ಹತ್ತಿರ ಹತ್ತಿರ 15 ಸಾವಿರ ಇದ್ದ ಗಂಟು ಸಿಕ್ತು. ಅವ್ರು ಪೂರ್ತಿ ಅಗೀದೆ ನಿಲ್ಸಿ ತಿಳಿಸಿದ್ರು, ಆರ್ಕಿಯಾಲಜಿಯವ್ರು ಬಂದು ತೆಗೆದ್ರು, ಅದ್ರಿಂದ ಮರದ ಪೆಟ್ಟಿಗೇಲಿ ಯಾವ್ದು ಎಲ್ಲಿತ್ತು ಅನ್ನೋದೂ ಗೊತ್ತಾಯ್ತು. ಸುತ್ತಿಗೇನೂ ಸಿಕ್ತು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನೀವೂ ಉಳುಮೆ ಆಳದ ಕೆಳಗೆ ಹೋಗ್ಬೇಡಿ ಅಣ್ಣ. ಮೇಲ್ಮಣ್ಣು ನೇಗಿಲು ಟಿಲ್ಲರಿಂದ ಆಗ್ಲೇ ಕಲಸಿಹೋಗಿರುತ್ತೆ, ಕೆಳಗಿನ ಪದರ ಹಂಗಲ್ಲ. ಒಂದೇ ಕಡೆ ಮೂರ್ನಾಲ್ಕು ಸಿಕ್ರೆ ಕೈ ತೆಗೀರಿ. ಸಿಕ್ಕಿದ ಪ್ರತಿ ವಸ್ತೂಗೂ ಫೋನಲ್ಲಿ ಜಿಪಿಎಸ್ ಜೊತೆ ಫೋಟೋ, ಬೇರೆ ಬೇರೆ ಕವರು. ಕಾಸನ್ನ ಹುಣಸೆಹಣ್ಣು ಹಾಕಿ ಉಜ್ಜೋದಂತೂ ದಯವಿಟ್ಟು ಬೇಡ.

ತೆಂಗಿನಸೀಮೆ:
ಪಾಂಡು ಸರ್ ಹೇಳಿದ್ದು ಒಳ್ಳೇದಾಯ್ತು, ನಕಾಶೆ ನೋಡಿದ್ರೆ ವೀರಗಲ್ಲು ಇರೋ ತುಂಡು ಖರಾಬು ಅಂತಾನೇ ಇದೆ, ಅದನ್ನ ಬಿಟ್ಟೆ. ಕೆಳಗಿನ ರಾಗಿ ಹೊಲ ಅಪ್ಪನ ಹೆಸ್ರಲ್ಲೇ ಇದೆ, ಅಷ್ಟೇ ಸಾಕು. ಅಂಗಡಿಯವ್ನು ಟೇಬಲ್ ಮೇಲೆ ಉಂಗುರ ಇಟ್ಟು ಡೆಮೋ ತೋರಿಸ್ತೀನಿ ಬನ್ನಿ ಅಂತಿದಾನೆ, ಹೋಗ್ಲಾ?

ಜಂಬಿಟ್ಟಿಗೆ:
ಗಾಳೀಲಿ ಎಲ್ಲಾ ಮಿಷಿನ್ನೂ ಹುಲೀನೇ. ಒಂದು ಚೀಲ ನಿಮ್ಮ ಹೊಲದ ಮಣ್ಣು ತಗೊಂಡ್ಹೋಗಿ, ಅದ್ರೊಳಗೆ ಕಾಸು ಹೂತು ತೋರ್ಸು ಅನ್ನಿ. ಈಗಿನ ಒಂದು ಎರಡು ರೂಪಾಯಿ ಹಾಕ್ಬೇಡಿ, ಅವು ಮ್ಯಾಗ್ನೆಟ್‌ಗೆ ಅಂಟ್ಕೊಳೋ ಸ್ಟೀಲು, ರೀಡಿಂಗ್ ಎಲ್ಲೆಲ್ಲೋ ಹೋಗುತ್ತೆ, ನಿಮ್ ಆನೆ ಕಾಸನ್ನೇ ಹಾಕಿ. ಹೊಲದಲ್ಲಿ ಟ್ರೈ ಮಾಡೋವಾಗ ಪಂಪ್‌ಸೆಟ್ ಲೈನು, ಟಿಸಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹತ್ರ ಹೋಗ್ಬೇಡಿ, ಮಿಷಿನ್ ಸುಮ್‌ಸುಮ್ನೆ ಚಿಟಿಚಿಟಿ ಅನ್ನುತ್ತೆ, ಸೆನ್ಸಿಟಿವಿಟಿ ಒಂದೆರಡು ಪಾಯಿಂಟ್ ಇಳ್ಸಿ. ರಾಗಿ ಕುಯ್ಲಾದ ಮೇಲೆ ಒಂದು ಹದ ಮಳೆ ಬಿದ್ದಾಗ ಶುರು ಮಾಡಿ, ಕೂಳೆ ಇದ್ರೆ ಕಾಯಿಲ್ ನೆಲಕ್ಕೆ ಹತ್ರ ಆಡ್ಸೋಕಾಗಲ್ಲ.