ಮಸ್ಕಿ ಮೀನಿಗೆ ಒಂದು ಪೌಂಡ್ ತೂಕದ ಲೂರ್ (ಕೃತಕ ಎರೆ) ಬೀಸಲು ಯಾವ ಗಾಳದ ರಾಡ್ ತಗೊಳ್ಳಲಿ?

ಹಿನ್ನೀರು:
ನಮಸ್ಕಾರ ಎಲ್ಲರಿಗೂ. ಅಮೆರಿಕದ ಮಿನ್ನೆಸೋಟದಲ್ಲಿ ಮಸ್ಕಿ ಅನ್ನೋ ದೊಡ್ಡ ಬೇಟೆಗಾರ ಮೀನು ಹಿಡಿಯಲು ಶುರು ಮಾಡಿ ಇದು ಎರಡನೇ ವರ್ಷ. ಇಷ್ಟು ದಿನ ಡಬಲ್ ಕೌಗರ್ಲ್ ತರಹದ ಬಕ್‌ಟೇಲ್ ಲೂರ್‌ಗಳನ್ನೇ ಬೀಸುತ್ತಿದ್ದೆ, ಅದಕ್ಕೆ ನನ್ನ 8 ಅಡಿಯ ಹೆವಿ ರಾಡ್ ಸಾಕಾಗಿತ್ತು. ಈ ಅಕ್ಟೋಬರ್‌ನಲ್ಲಿ ಮಿಲ್ ಲ್ಯಾಕ್ಸ್ ಕೆರೆಗೆ ಹೋಗುತ್ತಿದ್ದೇವೆ. ನೀರು ತಣ್ಣಗಾದ ಮೇಲೆ ದೊಡ್ಡ ರಬ್ಬರ್ ಲೂರ್ ಬೇಕೇ ಬೇಕು ಅಂತ ಜೊತೆಗೆ ಬರುವವರು ಹೇಳಿದ್ದಕ್ಕೆ ಬುಲ್‌ಡಾಗ್ ಅನ್ನೋ ರಬ್ಬರ್ ಲೂರ್‌ನಲ್ಲಿ ಮೂರು ಮ್ಯಾಗ್ನಮ್, ಅದಕ್ಕಿಂತ ದೊಡ್ಡದಾದ ಒಂದು ಪೌಂಡರ್ ತಂದೆ. ಮೊನ್ನೆ ಪೌಂಡರ್ ಕಟ್ಟಿ ಬೀಸಿದೆ. ರಾಡ್ ಹಿಂದಕ್ಕೆ ಪೂರ್ತಿ ಬಾಗಿ ಹಾಗೇ ನಿಂತುಬಿಟ್ಟಿತು, ಲೂರ್ ದೋಣಿಯ ಹತ್ತಿರವೇ ದೊಪ್ಪಂತ ಬಿತ್ತು. ನಾಲ್ಕನೇ ಸಲ ಬೀಸುವಾಗ ಎಲ್ಲೋ ಟಿಕ್ ಅಂತ ಶಬ್ದ ಬಂತು, ಹೆದರಿ ನಿಲ್ಲಿಸಿದೆ. ರಾಡ್ ಮೇಲೆ 2ರಿಂದ 8 ಔನ್ಸ್ ಅಂತ ಬರೆದಿದೆ. ಈಗ ಅಂಗಡಿಯಲ್ಲಿ ಸಿಗುವ ಎಲ್ಲಕ್ಕಿಂತ ಗಟ್ಟಿ ರಾಡನ್ನೇ ತಗೊಂಡುಬಿಡಲಾ? ಅದು ಸರಿಯಾದ ದಾರಿ ಅಲ್ವಾ?

ಉದ್ದಗಾಳ:
ಮೊದಲು ಆ ಟಿಕ್ ಶಬ್ದ. ಅದನ್ನು ಹಗುರವಾಗಿ ತಗೋಬೇಡಿ. ಒಂದು ತುಂಡು ಹತ್ತಿಯನ್ನು ರಾಡ್ ಮೇಲೆ ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆಯಿರಿ, ದಾರ ಹಾಯುವ ಉಂಗುರಗಳ ಬುಡದಲ್ಲಿ ಜಾಸ್ತಿ ಗಮನ ಕೊಡಿ. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಅಂತ ಅರ್ಥ. ಗ್ರಾಫೈಟ್ ಮೊದಲೇ ಬಗ್ಗಿ ಎಚ್ಚರಿಕೆ ಕೊಡುವುದಿಲ್ಲ, ಒಂದು ದಿನ ಮೀನು ಹಿಡಿದಾಗಲೇ ಪಟ್ ಅಂತ ಮುರಿಯುತ್ತದೆ.

ಇನ್ನು ರಾಡ್ ವಿಷಯ. ಪೌಂಡರ್ ಅಂದರೆ ಹೆಸರೇ ಹೇಳುವ ಹಾಗೆ ಸುಮಾರು 16 ಔನ್ಸ್, 450 ಗ್ರಾಂ. ನಿಮ್ಮ ರಾಡ್‌ನ ಮಿತಿಯ ಎರಡರಷ್ಟು. ಲೂರ್ ತೂಗಿದ ತಕ್ಷಣವೇ ರಾಡ್ ಬಾಗಿ ಮುಗಿದಿರುತ್ತದೆ, ಮುಂದಕ್ಕೆ ಚಿಮ್ಮಲು ಅದರಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಅದಕ್ಕೇ ದೂರ ಹೋಗಲಿಲ್ಲ, ನಿಮ್ಮ ತೋಳಿನ ತಪ್ಪಲ್ಲ. ನನ್ನ ಸಲಹೆ: 9 ಅಡಿ ಅಥವಾ 9 ಅಡಿ 6 ಇಂಚು, ಬರೆದಿರುವ ಮೇಲಿನ ಮಿತಿ ಕನಿಷ್ಠ 16 ಔನ್ಸ್ ಇರಲಿ. ಉದ್ದ ಯಾಕೆ ಅಂದರೆ, ಉದ್ದ ರಾಡ್‌ನಲ್ಲಿ ದೊಡ್ಡ ವೃತ್ತದಲ್ಲಿ ನಿಧಾನವಾಗಿ ಬೀಸಬಹುದು, ಜರ್ಕ್ ಕೊಡಬೇಕಾಗಿಲ್ಲ. ದೋಣಿಯ ಪಕ್ಕ ಎಂಟರ ಆಕಾರದಲ್ಲಿ ಲೂರ್ ತಿರುಗಿಸುವಾಗಲೂ ಅಗಲವಾದ ತಿರುವು ಸಿಗುತ್ತದೆ. ಹಿಂಬಾಲಿಸಿ ಬಂದ ದೊಡ್ಡ ಮಸ್ಕಿ ಚಿಕ್ಕ ತಿರುವಿನಲ್ಲಿ ತಿರುಗಲಾರದೆ ಲೂರ್ ಬಿಟ್ಟು ಹೋಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ದೋಣಿಯ ರಾಡ್ ಪೆಟ್ಟಿಗೆ ಚಿಕ್ಕದಾಗಿದ್ದರೆ ಬುಡ ಒಳಗೆ ಸರಿಯುವ ಟೆಲಿಸ್ಕೋಪಿಕ್ ಮಾದರಿ ನೋಡಿ.

ತಣ್ಣೀರು:
ಉದ್ದದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಎಲ್ಲಕ್ಕಿಂತ ಗಟ್ಟಿ ರಾಡ್ ತಗೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಂದು ಪ್ರಶ್ನೆ ಕೇಳ್ತೀನಿ: ಇಡೀ ದಿನದಲ್ಲಿ ಪೌಂಡರ್ ಎಷ್ಟು ಹೊತ್ತು ಬೀಸ್ತೀರಿ? ನನ್ನ ಅನುಭವದಲ್ಲಿ ಅದು ಒಂದು ಗಂಟೆ. ಆಮೇಲೆ ಭುಜ, ಬೆನ್ನು ಎರಡೂ ಸೋಲುತ್ತವೆ, ಎಲ್ಲರೂ ಮ್ಯಾಗ್ನಮ್ ಕಡೆಗೆ ವಾಪಸ್ ಬರುತ್ತಾರೆ. ಮ್ಯಾಗ್ನಮ್ ಸುಮಾರು 8 ಔನ್ಸ್. ಇಡೀ ದಿನ ಬೀಸುವ ತೂಕಕ್ಕೆ ರಾಡ್ ಆರಿಸಿ, ಅಪರೂಪಕ್ಕೆ ಬೀಸುವ ತೂಕಕ್ಕಲ್ಲ. ಎಕ್ಸ್‌ಟ್ರಾ ಹೆವಿಗಿಂತಲೂ ಗಟ್ಟಿಯಾದ ಡಬಲ್ ಎಕ್ಸ್ ಹೆವಿ ರಾಡ್‌ಗೆ 8 ಔನ್ಸ್ ಕಟ್ಟಿದರೆ ಅದು ಸಾಕಷ್ಟು ಬಾಗುವುದೇ ಇಲ್ಲ, ರಾಡ್ ಮಾಡಬೇಕಾದ ಕೆಲಸವನ್ನು ಭುಜ ಮಾಡಬೇಕಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ನಾವೆಲ್ಲ ಕಟ್ಟುವುದು 80 ಅಥವಾ 100 ಪೌಂಡ್ ತಡೆಯುವ ಬ್ರೇಡ್ (ಹೆಣೆದ) ದಾರ, ಅದು ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಮೀನು ದೋಣಿಯ ಪಕ್ಕವೇ ಕಚ್ಚಿದರೆ ಹೊರಗಿರುವ ದಾರ ನಾಲ್ಕೈದು ಅಡಿ ಅಷ್ಟೇ. ಆಗ ಏಟು ತಡೆಯುವುದಕ್ಕೆ ಇರುವುದು ರಾಡ್‌ನ ಬಾಗು ಮತ್ತು ರೀಲ್‌ನ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹಿಡಿತದಲ್ಲಿ ಬಿಡುವ ಬ್ರೇಕ್) ಎರಡೇ. ರಾಡ್ ಒನಕೆ ಥರ ಇದ್ದು ಡ್ರ್ಯಾಗ್ ಬಿಗಿಯಾಗಿದ್ದರೆ ಕೊಕ್ಕೆ ಕಿತ್ತು ಬರುತ್ತದೆ. ಹೋದ ವರ್ಷ ನನ್ನ ಒಂದು ಮೀನು ಹೀಗೇ ಹೋಯಿತು. ಹಾಗಂತ ತೀರಾ ಮೆತ್ತಗಿದ್ದರೂ ಕಷ್ಟ. ಮೀನಿನ ಜೊತೆ ಜಾಸ್ತಿ ಹೊತ್ತು ಎಳೆದಾಡಿದರೆ ಅದು ಸುಸ್ತಾಗಿ, ಬಿಟ್ಟ ಮೇಲೂ ಬದುಕದೆ ಹೋಗಬಹುದು. ಮಿನ್ನೆಸೋಟದ ಹೆಚ್ಚಿನ ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ, ಅಂದರೆ ಹಿಡಿದದ್ದನ್ನು ಹೆಚ್ಚುಕಡಿಮೆ ಎಲ್ಲವನ್ನೂ ಬದುಕಿಸಿ ಬಿಡಬೇಕು. ಬೇಗ ದೋಣಿಗೆ ತರುವಷ್ಟು ಬಲ ಇರಲಿ, ತಲೆ ಕೊಡವಿದಾಗ ಬಾಗುವಷ್ಟು ಜೀವವೂ ಇರಲಿ.

ನಾನಾಗಿದ್ದರೆ 9 ಅಡಿಯ ಎಕ್ಸ್‌ಟ್ರಾ ಹೆವಿ, ಮೇಲಿನ ಮಿತಿ 12 ಔನ್ಸ್ ಆಸುಪಾಸು ಇರುವುದನ್ನು ತಗೊಂಡು ಪೌಂಡರ್‌ನ್ನು ಮನೆಯಲ್ಲೇ ಬಿಡುತ್ತಿದ್ದೆ.

ಹಿನ್ನೀರು:
ಹತ್ತಿ ಎಳೆದು ನೋಡಿದೆ, ಮೂರನೇ ಉಂಗುರದ ಹತ್ತಿರ ಸಿಕ್ಕಿಕೊಂಡಿತು. ಬೇಜಾರಾಯಿತು, ಆದರೆ ದೋಣಿಯಲ್ಲಿ ಮುರಿಯುವುದಕ್ಕಿಂತ ಈಗಲೇ ಗೊತ್ತಾದದ್ದು ಒಳ್ಳೆಯದೇ. ಲೂರ್‌ಗಳನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ತೂಗಿದೆ, ನೀವು ಹೇಳಿದ್ದು ಸರಿ, ಮ್ಯಾಗ್ನಮ್ ಪೌಂಡರ್‌ನ ಅರ್ಧದಷ್ಟೇ ಇದೆ. ಪೌಂಡರ್‌ನ್ನು ಬಿಟ್ಟು ಹೋಗಲು ಮನಸ್ಸಿಲ್ಲ ಮಾತ್ರ. ಹಾಗೇ, ಬೀಸುವ ರೀತಿಯಲ್ಲಿ ಏನಾದರೂ ಬದಲಾಯಿಸಬೇಕಾ?

ಉದ್ದಗಾಳ:
ಹೌದು, ಪೂರ್ತಿ ಬದಲಾಯಿಸಬೇಕು. ಬಕ್‌ಟೇಲ್‌ನ ಹಾಗೆ ಹಿಂದಕ್ಕೆ ಒಯ್ದು ಫಟ್ ಅಂತ ಮುಂದಕ್ಕೆ ಹೊಡೆಯಬೇಡಿ. ರಾಡ್ ತುದಿಯಿಂದ ಎರಡು ಮೂರು ಅಡಿ ದಾರ ಬಿಟ್ಟು ಲೂರ್ ತೂಗಾಡಿಸಿ. ಎರಡೂ ಕೈಯಿಂದ ಹಿಡಿದು, ಸೊಂಟ ತಿರುಗಿಸಿ, ಪಕ್ಕದಿಂದ ಮೇಲಕ್ಕೆ ಒಂದೇ ಸಮನೆ ಬೀಸಿ, ಕೆಳಗಿನ ಕೈ ಬುಡವನ್ನು ಎದೆಯ ಕಡೆಗೆ ಎಳೆಯಲಿ, ಮೇಲಿನ ಕೈ ಸುಮ್ನೆ ದಾರಿ ತೋರಿಸಲಿ. ಬೀಸುವ ಮೊದಲು ಹಿಂದೆ ಯಾರಿದ್ದಾರೆ ಅಂತ ಪ್ರತಿ ಸಲವೂ ನೋಡಿ, ಅರ್ಧ ಕಿಲೋ ತೂಕಕ್ಕೆ ಅಷ್ಟು ದೊಡ್ಡ ಕೊಕ್ಕೆಗಳು ನೇತಾಡುತ್ತಿರುತ್ತವೆ. ಸ್ಪೂಲ್ (ರೀಲ್‌ನಲ್ಲಿ ದಾರ ಸುತ್ತಿರುವ ಉರುಳೆ) ಮೇಲೆ ಹಗುರವಾಗಿ ಇಟ್ಟ ಹೆಬ್ಬೆರಳನ್ನು ಲೂರ್ ನೀರು ಮುಟ್ಟುವವರೆಗೂ ಬಿಡಬೇಡಿ. ಇಷ್ಟು ತೂಕ ಹಾರುತ್ತಿರುವಾಗ ದಾರ ಗೋಜಲಾದರೆ 100 ಪೌಂಡ್ ಬ್ರೇಡ್ ಕೂಡ ಪಟ್ ಅಂತ ಹರಿದು, ಲೂರ್ ಮಾತ್ರ ದೂರ ಹಾರಿಹೋಗುತ್ತದೆ.

ಎಳೆಯುವಾಗ ರಾಡ್ ಕೆಳಗೆ, ನೀರಿನ ಕಡೆಗೆ ಇರಲಿ. ರಾಡ್‌ನಿಂದ ಒಂದು ಎಳೆತ, ಲೂರ್ ಇಳಿಯುವಾಗ ಸಡಿಲವಾದ ದಾರವನ್ನು ಸುತ್ತಿಕೊಳ್ಳುವುದು, ಮತ್ತೆ ಎಳೆತ. ಹೀಗೆ ಎಳೆಯುವುದಕ್ಕೆ ರೀಲ್ 400 ಸೈಜಿಗಿಂತ ಚಿಕ್ಕದು ಬೇಡ.

ದೋಣಿಮನೆ:
ಇಬ್ಬರದ್ದೂ ಓದಿದೆ. ಎರಡು ರಾಡ್ ಆಗುವುದಾದರೆ ಪ್ರಶ್ನೆಯೇ ಇಲ್ಲ, ಒಂದೇ ಆಗುವುದಾದರೆ ನಾನು ತಣ್ಣೀರು ಅವರ ಕಡೆ. ಅಂಗಡಿಗೆ ಹೋಗುವಾಗ ನಿಮ್ಮ ರೀಲ್ ಮತ್ತು ಮ್ಯಾಗ್ನಮ್ ಎರಡೂ ತಗೊಂಡು ಹೋಗಿ. ರೀಲ್ ಕೂರಿಸಿ, ಲೂರ್‌ನ್ನು ತುದಿಯಲ್ಲಿ ನೇತುಹಾಕಿ, ರಾಡ್ ಅಡ್ಡ ಹಿಡಿಯಿರಿ. ಮೇಲಿನ ಮೂರನೇ ಒಂದು ಭಾಗ ಮಾತ್ರ ಇಳಿದು ಕೆಳಗಿನದು ನೆಟ್ಟಗೆ ನಿಂತರೆ ಸರಿ. ಹಿಡಿಯ ಹತ್ತಿರದವರೆಗೂ ಬಾಗಿದರೆ ಅದು ನಿಮಗೆ ಸಾಲದು. ಬುಡದ ಹಿಡಿ ಮೊಣಕೈ ದಾಟಿ ಕಂಕುಳ ಕೆಳಗೆ ಕೂರುತ್ತಾ ಅಂತಲೂ ನೋಡಿ, ರಬ್ಬರ್ ಎಳೆಯುವಾಗ ಅರ್ಧ ಭಾರ ಅಲ್ಲೇ ನಿಲ್ಲುತ್ತದೆ.

ಹಿನ್ನೀರು:
ಶನಿವಾರ ಹೋಗುತ್ತಿದ್ದೇನೆ, ರೀಲ್, ಮ್ಯಾಗ್ನಮ್ ಎರಡೂ ಚೀಲದಲ್ಲಿವೆ. 9 ಅಡಿ ಎಕ್ಸ್‌ಟ್ರಾ ಹೆವಿ ಅಂತ ತೀರ್ಮಾನ ಮಾಡಿದೆ. ಪೌಂಡರ್‌ಗೆ ಮುಂದಿನ ವರ್ಷ ಬೇರೆ ರಾಡ್ ತಗೊಳ್ಳೋಣ.