ಎರಡು ಯುಎಸ್‌ಬಿ-ಆರ್‌ಎಸ್485 ಕನ್ವರ್ಟರ್: ರೀಬೂಟ್ ಆದಾಗ ಟಿಟಿವೈಯುಎಸ್‌ಬಿ0, 1 ಅದಲುಬದಲು

ಪ್ರಶ್ನೆ:
ರಾಸ್ಪ್‌ಬೆರಿ ಪೈಗೆ ಸಿಎಚ್340 ಚಿಪ್ಪಿನ ಎರಡು ಯುಎಸ್‌ಬಿ-ಆರ್‌ಎಸ್485 (ಜೋಡಿ ತಂತಿಯ ಸೀರಿಯಲ್ ಸಂಪರ್ಕ) ಕನ್ವರ್ಟರ್ ಹಾಕಿದೆ. ಒಂದಕ್ಕೆ ಎನರ್ಜಿ ಮೀಟರ್, ಇನ್ನೊಂದಕ್ಕೆ ಸೋಲಾರ್ ಇನ್ವರ್ಟರ್. ಎರಡೂ ಮಾಡ್‌ಬಸ್ (ಸಾಧನಗಳಿಂದ ಅಂಕಿ ಓದುವ ಸಂವಹನ ಪದ್ಧತಿ), 9600 ಬಾಡ್ (ವೇಗ), ಅಡ್ರೆಸ್ 1. ಪ್ರೋಗ್ರಾಮಿನಲ್ಲಿ ಮೀಟರಿಗೆ /ಡೆವ್/ಟಿಟಿವೈಯುಎಸ್‌ಬಿ0 (ಲಿನಕ್ಸ್ ಕನ್ವರ್ಟರಿಗೆ ಇಡುವ ಹೆಸರು) ಅಂತ ಕೊಟ್ಟಿದೆ. ಕೆಲವೊಮ್ಮೆ ರೀಬೂಟ್ ಆದಮೇಲೆ ಹೆಸರು ಅದಲುಬದಲಾಗಿ ಇನ್ವರ್ಟರಿನ ಅಂಕಿ ಮೀಟರಿನ ಲೆಕ್ಕಕ್ಕೆ ಸೇರುತ್ತದೆ. /ಡೆವ್/ಸೀರಿಯಲ್/ಬೈ-ಐಡಿ ಒಳಗೆ ನೋಡಿದರೆ ಒಂದೇ ಲಿಂಕ್ ಇದೆ. ಹೆಸರು ಕಾಯಂ ಮಾಡುವುದು ಹೇಗೆ?

ಉತ್ತರ 1:
ಡ್ರೈವರಿಗೆ ಮೊದಲು ಸಿಕ್ಕಿದ್ದಕ್ಕೆ ಕರ್ನಲ್ (ಲಿನಕ್ಸಿನ ತಿರುಳು) ಖಾಲಿ ಇರುವ ಅತಿ ಚಿಕ್ಕ ಮೈನರ್ ನಂಬರ್ (ಹೆಸರಿನ ಕೊನೆಯ 0, 1) ಕೊಡುತ್ತದೆ. ಈ ಸರದಿ ಪ್ರತಿ ಬೂಟ್‌ಗೂ ಒಂದೇ ಇರಬೇಕೆಂದಿಲ್ಲ. ರೀಬೂಟ್ ಇಲ್ಲದೆಯೂ ಹೆಸರು ಬದಲಾಗಬಹುದು: ಪ್ರೋಗ್ರಾಮ್ ಪೋರ್ಟ್ ತೆರೆದಿಟ್ಟಿರುವಾಗ ಕೇಬಲ್ ಅಲುಗಾಡಿ ಸಂಪರ್ಕ ಕಡಿದರೆ ಹಳೆಯ ನಂಬರ್ ಬಿಡುಗಡೆಯಾಗುವುದಿಲ್ಲ, ಅದೇ ಕನ್ವರ್ಟರ್ ಟಿಟಿವೈಯುಎಸ್‌ಬಿ2 ಆಗಿ ಬರುತ್ತದೆ.

ಬೈ-ಐಡಿ ಹೆಸರು ಹುಟ್ಟುವುದು ತಯಾರಕ, ಮಾದರಿ, ಸೀರಿಯಲ್ ನಂಬರ್ ಸೇರಿ. ಸಿಎಚ್340ರಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರೇ ಇರುವುದಿಲ್ಲ. ಹಾಗಾಗಿ ಎರಡಕ್ಕೂ ಒಂದೇ ಹೆಸರು ಬಂದು, ಲಿಂಕ್ ಒಂದಕ್ಕೇ ದಕ್ಕುತ್ತದೆ. ಪಕ್ಕದ ಬೈ-ಪಾತ್ ಫೋಲ್ಡರಿನಲ್ಲಿ ಪೋರ್ಟ್ ಪ್ರಕಾರ ಎರಡೂ ಬೇರೆಬೇರೆ ಸಿಗುತ್ತವೆ. ಆ ಪೂರ್ತಿ ಹಾದಿಯನ್ನೇ ಪ್ರೋಗ್ರಾಮಿಗೆ ಕೊಡಿ.

ಉತ್ತರ 2:
ಹಾದಿ ತೀರಾ ಉದ್ದ ಅನ್ನಿಸಿದರೆ ಯುಡೆವ್ (ಸಾಧನಗಳ ಹೆಸರು ನೋಡಿಕೊಳ್ಳುವ ಲಿನಕ್ಸ್ ವ್ಯವಸ್ಥೆ) ರೂಲ್ ಬರೆಯಿರಿ. ಯುಡೆವ್‌ಎಡಿಎಂ ಇನ್ಫೋ ಆಜ್ಞೆಯನ್ನು ಆಟ್ರಿಬ್ಯೂಟ್-ವಾಕ್ ಆಯ್ಕೆಯೊಂದಿಗೆ ಓಡಿಸಿದರೆ ಮೇಲಿನ ಸಾಧನಗಳ ಸರಣಿಯೇ ಕಾಣುತ್ತದೆ. ಅದರಲ್ಲಿ 1-1.2 ಎಂಬಂಥದ್ದು ಯುಎಸ್‌ಬಿ ಸಾಧನ, 1-1.2:1.0 ಅದರ ಇಂಟರ್‌ಫೇಸ್. ಬಹಳ ಮಂದಿ ಎಡವುವುದು ಇಲ್ಲೇ. ತಯಾರಕರ ಐಡಿ 1ಎ86, ಮಾದರಿ ಐಡಿ 7523 ಇರುವುದು ಸಾಧನದ ಮಟ್ಟದಲ್ಲಿ. ಒಂದು ರೂಲ್‌ನಲ್ಲಿ ಪೇರೆಂಟ್ (ಸರಣಿಯ ಮೇಲಿನ ಸಾಧನ) ಬಗ್ಗೆ ಹಾಕುವ ಷರತ್ತುಗಳೆಲ್ಲ ಒಂದೇ ಪೇರೆಂಟ್‌ಗೆ ಹೊಂದಬೇಕು. 1ಎ86 ಜೊತೆ 1-1.2:1.0 ಬರೆದರೆ ರೂಲ್ ಯಾವ ದೂರೂ ಹೇಳದೆ ಸುಮ್ಮನಿರುತ್ತದೆ. 1-1.2 ಬರೆಯಿರಿ.

ಹೆಸರು ಕೊಡಲು ಸಿಮ್‌ಲಿಂಕ್ (ಅದೇ ಸಾಧನಕ್ಕೆ ಇನ್ನೊಂದು ಹೆಸರು) ಬಳಸಿ, ಎದುರಿಗೆ += ಹಾಕಿ. ನೇಮ್ ಕೀಲಿಯಿಂದ ಟಿಟಿವೈಗೆ ಹೆಸರಿಡಲಾಗದು, ಅದು ನೆಟ್‌ವರ್ಕ್ ಇಂಟರ್‌ಫೇಸಿಗೆ ಮಾತ್ರ. ಹೋಲಿಕೆಗೆ ಎರಡು ಸಮಚಿಹ್ನೆ ಬೇಕು. ಫೈಲ್ ಉಳಿಸಿದ ಮೇಲೆ ರೂಲ್‌ಗಳನ್ನು ರೀಲೋಡ್ ಮಾಡಿ, ಟ್ರಿಗರ್ ಕೊಡಿ. ಆಮೇಲೆ ಕನ್ವರ್ಟರನ್ನು ಬೇರೆ ಪೋರ್ಟಿಗೆ ಚುಚ್ಚಿದರೆ ಹೆಸರು ಸಿಗದು, ಅದಕ್ಕೆ ಪೋರ್ಟಿನ ಮೇಲೆ ಚೀಟಿ ಅಂಟಿಸಿಡಿ.

ಪ್ರಶ್ನೆ ಕೇಳಿದವರು:
ಬೈ-ಪಾತ್ ಕೆಲಸ ಮಾಡಿತು, ಧನ್ಯವಾದ. ಉಬುಂಟು 22.04 ಇರುವ ಲ್ಯಾಪ್‌ಟಾಪಿಗೆ ಅದೇ ಕನ್ವರ್ಟರ್ ಹಾಕಿದರೆ ಟಿಟಿವೈಯುಎಸ್‌ಬಿ0 ಬಂದು ಕೂಡಲೇ ಮಾಯವಾಗುತ್ತದಲ್ಲ?

ಉತ್ತರ 3:
ಅಂಧರ ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಅದನ್ನು ಕಿತ್ತುಕೊಳ್ಳುತ್ತಿದೆ. ಕೆಲವು ಬ್ರೈಲ್ ಸಾಧನಗಳಲ್ಲೂ ಇದೇ 1ಎ86:7523 ಐಡಿ ಇರುವುದು ಕಾರಣ. ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ಬಿಆರ್‌ಎಲ್‌ಟಿಟಿವೈ ಹೆಸರೇ ಕಾಣುತ್ತದೆ. ಆ ಲ್ಯಾಪ್‌ಟಾಪಿನಲ್ಲಿ ಬ್ರೈಲ್ ಸಾಧನ ಬಳಸುವವರು ಇಲ್ಲದಿದ್ದರೆ ಮಾತ್ರ ಪ್ಯಾಕೇಜ್ ತೆಗೆಯಿರಿ.

ಇನ್ನೊಂದು ಮಾತು. ಮೀಟರಿನ ಅಡ್ರೆಸ್ 2 ಮಾಡಿ. ಪೋರ್ಟ್ ತಪ್ಪಿದರೆ ಟೈಮ್‌ಔಟ್ ಬರುತ್ತದೆ, ತಪ್ಪು ಅಂಕಿ ದಾಖಲಾಗುವುದಿಲ್ಲ. ಬಾಡ್ ಒಂದೇ ಇದೆ. ಪ್ಯಾರಿಟಿಯೂ (ದೋಷ ಪತ್ತೆಯ ಬಿಟ್‌ನ ಸೆಟ್ಟಿಂಗ್) ಒಂದೇ ಆಗಿದ್ದರೆ ಎರಡನ್ನೂ ಒಂದೇ ಎ-ಬಿ ಜೋಡಿ ತಂತಿಗೆ ಸೇರಿಸಿ, ಒಂದೇ ಕನ್ವರ್ಟರ್ ಸಾಕು.